ಮೇಲಧಿಕಾರಿಗೆ ಒಂಬತ್ತು ಪುಟದ ಪತ್ರ

1961ರ ನವೆಂಬರ್ 15ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್ ಎಂಬ ಊರಿನಿಂದ ರಾಜಧಾನಿ ವಾಷಿಂಗ್ಟನ್ನಿಗೆ ಒಂದು ಪತ್ರ ಹೊರಟಿತು. ಬರೆದವರು ಜಾನ್ ಹೂಬೋಲ್ಟ್. ನಾಸಾ ಸಂಸ್ಥೆಯ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರ್. ಪತ್ರ ಸೇರಬೇಕಾದದ್ದು ರಾಬರ್ಟ್ ಸೀಮನ್ಸ್ ಅವರಿಗೆ. ಇಡೀ ನಾಸಾದ ದಿನನಿತ್ಯದ ಆಡಳಿತವನ್ನು ನಡೆಸುತ್ತಿದ್ದ ಹಿರಿಯ ಅಧಿಕಾರಿ ಅವರು. ಇವರಿಬ್ಬರ ಕುರ್ಚಿಗಳ ನಡುವೆ ಮೆಟ್ಟಿಲುಗಳು ಹಲವಿದ್ದವು. ಅವನ್ನೆಲ್ಲ ಬಿಟ್ಟು ನೇರವಾಗಿ ಮೇಲಕ್ಕೆ ಬರೆಯುತ್ತಿರುವುದು ಪದ್ಧತಿಗೆ ವಿರುದ್ಧವೆಂದು ಹೂಬೋಲ್ಟ್ ಪತ್ರದಲ್ಲಿಯೇ ಒಪ್ಪಿಕೊಂಡಿದ್ದರು. ತನ್ನದು ಅರಣ್ಯರೋದನವಾಗಿದೆ, ತಲೆಕೆಟ್ಟವನೊಬ್ಬ ಬರೆದಿದ್ದಾನೆಂದು ತಮಗೆ ಅನ್ನಿಸಲೂಬಹುದು ಎಂಬ ಅರ್ಥದ ಮಾತುಗಳೂ ಅದರಲ್ಲಿದ್ದವು. ಒಂಬತ್ತು ಪುಟಗಳ ಆ ಪತ್ರದ ತಿರುಳು ಇಷ್ಟೆ: ಚಂದ್ರನಿಗೆ ಹೋಗುವ ಕೆಲಸದಲ್ಲಿ ಯಾವುದನ್ನು ಕಟ್ಟಬೇಕೆಂಬ ಆಯ್ಕೆಯಲ್ಲಿಯೇ ಸಂಸ್ಥೆ ಎಡವುತ್ತಿದೆ.

ಆ ವರ್ಷ ಮೇ 25ರಂದು ಅಧ್ಯಕ್ಷ ಜಾನ್ ಕೆನಡಿ ಒಂದು ಗುರಿಯನ್ನು ಘೋಷಿಸಿದ್ದರು. ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲಿಳಿಸಿ ಸುರಕ್ಷಿತವಾಗಿ ಹಿಂದಕ್ಕೆ ಕರೆತರಬೇಕು. ಆ ಹೊತ್ತಿಗೆ ಅಮೆರಿಕನ್ನರಿಗಿದ್ದ ಅನುಭವವಾದರೂ ಎಷ್ಟು? ಇಪ್ಪತ್ತು ದಿನಗಳ ಹಿಂದೆ ಅಲನ್ ಶೆಪರ್ಡ್ ಮೇಲೇರಿ ಹದಿನೈದು ನಿಮಿಷಗಳಲ್ಲಿ ಸಮುದ್ರಕ್ಕೆ ಇಳಿದಿದ್ದರು. ಭೂಮಿಯನ್ನು ಒಂದು ಸುತ್ತು ಹಾಕಿದ ಅಮೆರಿಕನ್ ಆಗ ಒಬ್ಬನೂ ಇರಲಿಲ್ಲ.

ಗುರಿ ಸಿಕ್ಕಿತು, ದಾರಿ ಯಾವುದು? ಮೂರು ದಾರಿಗಳು ಚರ್ಚೆಯಲ್ಲಿದ್ದವು. ಮೊದಲನೆಯದು ನೇರ ದಾರಿ. ನೋವಾ ಎಂಬ ಭಾರೀ ರಾಕೆಟ್ಟನ್ನು ಕಟ್ಟಿ, ಒಂದೇ ವ್ಯೋಮನೌಕೆಯನ್ನು ಇಡಿಯಾಗಿ ಚಂದ್ರನ ನೆಲಕ್ಕಿಳಿಸಿ, ಅದೇ ನೌಕೆಯಲ್ಲಿ ಎದ್ದು ಬರುವುದು. ನಾಸಾದ ಅನೇಕ ಹಿರಿಯರಿಗೆ ಇದೇ ಮೆಚ್ಚು. ಎರಡನೆಯದು ವರ್ನರ್ ಫಾನ್ ಬ್ರೌನ್ ಅವರ ಬಳಗದ ಒಲವು. ಸಣ್ಣ ರಾಕೆಟ್ಟುಗಳಲ್ಲಿ ಭಾಗಗಳನ್ನೂ ಇಂಧನವನ್ನೂ ಸಾಗಿಸಿ, ಭೂಮಿಯ ಸುತ್ತಲಿನ ಕಕ್ಷೆಯಲ್ಲಿ ಎಲ್ಲವನ್ನೂ ಜೋಡಿಸಿಕೊಂಡು ಹೊರಡುವುದು. ಮೂರನೆಯ ದಾರಿಯನ್ನು ಕೇಳಿದವರು ನಕ್ಕವರೇ ಹೆಚ್ಚು. ದೊಡ್ಡ ನೌಕೆ ಚಂದ್ರನ ಸುತ್ತ ತಿರುಗುತ್ತಲೇ ಇರಲಿ. ಅದರಿಂದ ಕಳಚಿಕೊಂಡ ಪುಟ್ಟ ನೌಕೆಯೊಂದು ಇಬ್ಬರನ್ನು ಕೆಳಕ್ಕೆ ಒಯ್ಯಲಿ. ಕೆಲಸ ಮುಗಿದ ಮೇಲೆ ಅದು ಮೇಲೇರಿ ಬಂದು ದೊಡ್ಡ ನೌಕೆಯನ್ನು ಕೂಡಿಕೊಳ್ಳಲಿ. ಹೂಬೋಲ್ಟ್ ಹಟ ಹಿಡಿದದ್ದು ಈ ಮೂರನೆಯದಕ್ಕೆ.

ಶ್ರವಣಬೆಳಗೊಳದ ಬೆಟ್ಟ ಹತ್ತುವವರು ಊರಿಗೆ ಹಿಂದಿರುಗುವಾಗ ಬೇಕಾಗುವ ಹೊದಿಕೆ, ಬುತ್ತಿ, ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತುವುದಿಲ್ಲ. ಕೆಳಗೇ ಬಿಟ್ಟು ಹೋಗುತ್ತಾರೆ. ಮಂಗಳೂರಿನ ಹಳೆಯ ಬಂದರಿಗೆ ಬರುತ್ತಿದ್ದ ದೊಡ್ಡ ಹಡಗುಗಳು ದೂರದಲ್ಲಿಯೇ ಲಂಗರು ಹಾಕುತ್ತಿದ್ದವು; ಸರಕು ದೋಣಿಗಳಲ್ಲಿ ದಡ ಸೇರುತ್ತಿತ್ತು. ಚಂದ್ರನ ವಿಷಯದಲ್ಲಿ ಈ ಸಾಮಾನ್ಯ ವಿವೇಕ ಯಾಕೆ ಬೇಡವೆಂಬುದೇ ಹೂಬೋಲ್ಟ್ ಅವರ ಪ್ರಶ್ನೆ. ಭೂಮಿಯ ವಾತಾವರಣದೊಳಕ್ಕೆ ನುಗ್ಗುವಾಗ ಬೇಕಾಗುವ ಶಾಖಕವಚ, ಸಮುದ್ರಕ್ಕಿಳಿಯುವಾಗ ಬೇಕಾಗುವ ಪ್ಯಾರಾಚೂಟು, ಮನೆಗೆ ಮರಳುವ ಇಂಧನ, ಇವುಗಳಿಗೆ ಚಂದ್ರನ ನೆಲದ ಮೇಲೆ ಏನು ಕೆಲಸ?

ವಿದ್ಯಾರ್ಥಿಗಳು ಇಲ್ಲಿ ಕಾಗದ ಪೆನ್ಸಿಲು ತೆಗೆದುಕೊಳ್ಳಬಹುದು. ಚಂದ್ರನಲ್ಲಿ ಗಾಳಿಯಿಲ್ಲ. ಹಾಗಾಗಿ ಪ್ಯಾರಾಚೂಟಿನಲ್ಲಿ ಇಳಿಯುವಂತಿಲ್ಲ. ಎಂಜಿನ್ ಉರಿಸಿಯೇ ವೇಗ ತಗ್ಗಿಸಬೇಕು. ಮುಂದೆ ನಿಜವಾಗಿ ಹಾರಿದ ಅಪೊಲೊ ಇಳಿನೌಕೆಯ ಲೆಕ್ಕವನ್ನೇ ನೋಡಿ. ಕಕ್ಷೆಯಲ್ಲಿ ಅದರ ತೂಕ ಸುಮಾರು 15 ಟನ್. ನೆಲ ಮುಟ್ಟುವಷ್ಟರಲ್ಲಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉರಿದುಹೋಗಿ 7 ಟನ್ನಿನಷ್ಟು ಮಾತ್ರ ಉಳಿಯುತ್ತಿತ್ತು. ಮತ್ತೆ ಮೇಲೇರುವ ಭಾಗ ಸುಮಾರು 4.7 ಟನ್, ಅದರಲ್ಲಿಯೂ ಅರ್ಧದಷ್ಟು ಇಂಧನವೇ. ಎಂದರೆ ಇಳಿಯಲು ಒಂದು ಸಲ ಅರ್ಧ, ಏರಲು ಇನ್ನೊಂದು ಸಲ ಅರ್ಧ. ಚಂದ್ರನ ನೆಲಕ್ಕೆ ಒಯ್ದು ಹಿಂದಕ್ಕೆ ತರುವ ಪ್ರತಿಯೊಂದು ಕಿಲೋಗ್ರಾಮಿಗೆ ಕಕ್ಷೆಯಲ್ಲಿ ಕನಿಷ್ಠ ನಾಲ್ಕು ಕಿಲೋಗ್ರಾಂ ಬೇಕು. ಟ್ಯಾಂಕು, ಎಂಜಿನ್ನುಗಳ ತೂಕ ಬೇರೆ.

ಗಗನಯಾತ್ರಿಗಳು ಭೂಮಿಗೆ ಮರಳುವ ಕೋಶ, ಶಾಖಕವಚವೂ ಸೇರಿ, 5 ಟನ್ನಿನಷ್ಟು ತೂಗುತ್ತಿತ್ತು. ಅದನ್ನೂ ನೆಲಕ್ಕಿಳಿಸಿ ಏರಿಸುವುದಾದರೆ 5 ಟನ್ನಿನ ಜಾಗದಲ್ಲಿ 20 ಟನ್ ಬೇಕಾಗುತ್ತದೆ. ಹೆಚ್ಚಿಗೆ 15 ಟನ್. ಇಲ್ಲಿಗೇ ಮುಗಿಯಲಿಲ್ಲ. ಅಪೊಲೊ ಹೊತ್ತ ಸ್ಯಾಟರ್ನ್-5 ರಾಕೆಟ್ ನೆಲದ ಮೇಲೆ ನಿಂತಾಗ ಸುಮಾರು 2,900 ಟನ್ ತೂಗುತ್ತಿತ್ತು. ಅದು ಚಂದ್ರನತ್ತ ಕಳುಹಿಸಿದ್ದು ಸುಮಾರು 45 ಟನ್. ಆ ಕಡೆ ಹೋಗುವ ಒಂದು ಟನ್ನಿಗೆ ಈ ಕಡೆ ಅರವತ್ತು ಟನ್ನಿಗೂ ಹೆಚ್ಚು. 15ನ್ನು 60ರಿಂದ ಗುಣಿಸಿ. ಒಂದು ಕೋಶವನ್ನು ಅನವಶ್ಯಕವಾಗಿ ಚಂದ್ರನ ನೆಲ ಮುಟ್ಟಿಸಿ ತರುವ ಸಂಭ್ರಮಕ್ಕೆ ಭೂಮಿಯ ಮೇಲೆ 900 ಟನ್ನಿನ ದಂಡ! ಮನೆಗೆ ಮರಳುವ ಇಂಧನವನ್ನು ಈ ಲೆಕ್ಕದಲ್ಲಿ ಇನ್ನೂ ಹಿಡಿದೇ ಇಲ್ಲ. ನೋವಾ ಅಷ್ಟು ದೈತ್ಯವಾಗಬೇಕಾಗಿದ್ದುದು ಇದಕ್ಕೇ.

ಲೆಕ್ಕ ಇಷ್ಟು ಸರಳವಾಗಿದ್ದರೆ ದೊಡ್ಡವರು ಯಾಕೆ ಒಪ್ಪಲಿಲ್ಲ? ಅವರೇನು ದಡ್ಡರಾಗಿರಲಿಲ್ಲ. 1960ರ ಡಿಸೆಂಬರ್ 14ರಂದು ವಾಷಿಂಗ್ಟನ್ನಿನ ಕೇಂದ್ರ ಕಚೇರಿಯಲ್ಲಿ ಹೂಬೋಲ್ಟ್ ತಮ್ಮ ಕೋಷ್ಟಕಗಳನ್ನು ತೋರಿಸಿದಾಗ, ಮ್ಯಾಕ್ಸ್ ಫಜೇ ಎದ್ದುನಿಂತು ಈತನ ಅಂಕಿಗಳು ಸುಳ್ಳು ಹೇಳುತ್ತಿವೆ ಎಂದು ಎಲ್ಲರೆದುರಿಗೇ ಆಡಿಬಿಟ್ಟರು. ಫಜೇ ಸಾಮಾನ್ಯರಲ್ಲ, ಅಮೆರಿಕದ ಮೊದಲ ಗಗನಯಾತ್ರಿಗಳು ಕುಳಿತ ಮರ್ಕ್ಯುರಿ ಕೋಶದ ಆಕಾರ ಅವರ ತಲೆಯಿಂದ ಬಂದದ್ದು. ಅವರ ಸಿಟ್ಟಿನಲ್ಲಿ ಹುರುಳೂ ಇತ್ತು. ಹೂಬೋಲ್ಟ್ ಆರಂಭದಲ್ಲಿ ಕಲ್ಪಿಸಿದ್ದ ಇಳಿನೌಕೆಗಳು ತೀರ ಹಗುರ. ಅವುಗಳಲ್ಲಿ ಒಂದು, ಒಬ್ಬನೇ ಹತ್ತಿ ಕೆಲವು ಗಂಟೆಗಳ ಮಟ್ಟಿಗೆ ಇಳಿದು ಬರುವಂಥದು. ಕೊನೆಗೆ ನಿರ್ಮಾಣವಾದ ನೌಕೆ ಅದರ ಹಲವು ಪಟ್ಟು ತೂಕದ್ದಾಯಿತು. ಹೂಬೋಲ್ಟ್ ಅವರನ್ನು ಹೊಗಳುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಡಬೇಕಾದ್ದಿಲ್ಲ. ತೂಕಗಳು ತಪ್ಪಿದ್ದರೂ ಮೂರು ದಾರಿಗಳ ನಡುವಿನ ಹೋಲಿಕೆ ತಪ್ಪಿರಲಿಲ್ಲ.

ಇನ್ನೊಂದು ಆಕ್ಷೇಪ ಭಯದ್ದು. ಎರಡು ನೌಕೆಗಳು ಆಕಾಶದಲ್ಲಿ ಹತ್ತಿರ ಬಂದು ಕೂಡಿಕೊಳ್ಳುವುದನ್ನು 1961ರಲ್ಲಿ ಯಾರೂ ಮಾಡಿ ನೋಡಿರಲಿಲ್ಲ. ಅಮೆರಿಕದ ಎರಡು ಜೆಮಿನಿ ನೌಕೆಗಳು ಕಕ್ಷೆಯಲ್ಲಿ ಸಮೀಪಿಸಿದ್ದು 1965ರ ಡಿಸೆಂಬರಿನಲ್ಲಿ. ಮೊದಲ ಜೋಡಣೆ 1966ರ ಮಾರ್ಚಿನಲ್ಲಿ, ನೀಲ್ ಆರ್ಮ್‌ಸ್ಟ್ರಾಂಗ್ ಕೈಯಲ್ಲಿ. ಭೂಮಿಯ ಬಳಿ ಜೋಡಣೆ ವಿಫಲವಾದರೆ ಹೇಗಾದರೂ ಕೆಳಗಿಳಿಯಬಹುದು. ಮೂರು ಲಕ್ಷ ಎಂಬತ್ತನಾಲ್ಕು ಸಾವಿರ ಕಿಲೋಮೀಟರ್ ಆಚೆ ವಿಫಲವಾದರೆ? ಇಬ್ಬರು ಚಂದ್ರನ ಸುತ್ತ ಸುತ್ತುತ್ತಲೇ ಸಾಯಬೇಕು. ಗಗನಯಾತ್ರಿಗಳ ಜೀವಕ್ಕೆ ಹೊಣೆಯಾದ ಅಧಿಕಾರಿಗೆ ಇದು ನಿದ್ದೆಗೆಡಿಸುವ ಮಾತು. ಇದಕ್ಕೆ ಹೂಬೋಲ್ಟ್ ಕೊಟ್ಟ ಉತ್ತರ, ಅಪಾಯವನ್ನು ಒಂದು ಕಡೆ ಮಾತ್ರ ಎಣಿಸಬೇಡಿ ಎಂಬುದು. ಹಲವು ಅಂತಸ್ತಿನ ಕಟ್ಟಡದಷ್ಟು ಎತ್ತರದ ನೌಕೆಯ ತುದಿಯಲ್ಲಿ ಅಂಗಾತ ಮಲಗಿದ ಚಾಲಕ, ಕೆಳಗಿನ ಗುಂಡಿ ಬಂಡೆ ಯಾವುದೂ ಕಾಣದೆ, ಹಿಮ್ಮುಖವಾಗಿ ಇಳಿಸುವುದರಲ್ಲಿ ಅಪಾಯ ಕಡಿಮೆಯೆ?

ಹೂಬೋಲ್ಟ್ ಅವರ ನಡೆ ಹೇಗಿತ್ತು ಎಂಬುದು ನಮ್ಮ ಮಕ್ಕಳಿಗೂ ತಂದೆತಾಯಿಗಳಿಗೂ ತಿಳಿದಿರುವುದು ಒಳ್ಳೆಯದು. ಇಂದು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿಗಳನ್ನು ಸೇರುವ ಹುಡುಗ ಹುಡುಗಿಯರು ಕೆಲವೇ ತಿಂಗಳಲ್ಲಿ ಇಂಥದೇ ಇಕ್ಕಟ್ಟಿಗೆ ಸಿಲುಕುತ್ತಾರೆ. ಮುಂದಿನ ವರ್ಷ ಯಾವ ಉತ್ಪನ್ನ ಮೊದಲು, ಯಾವ ಕೆಲಸ ಆಮೇಲೆ ಎಂಬ ಪಟ್ಟಿಗೆ ಅಲ್ಲಿ ರೋಡ್‌ಮ್ಯಾಪ್ ಎಂದು ಹೆಸರು. ಅದು ಮೇಲಿನಿಂದ ಬರುತ್ತದೆ. ಕೆಳಗಿದ್ದು ಕೆಲಸ ಮಾಡುವವನಿಗೆ ಅದು ತಪ್ಪೆಂದು ಕಂಡರೆ ಸಾಧಾರಣವಾಗಿ ಎರಡೇ ಪ್ರತಿಕ್ರಿಯೆ: ಊಟದ ವೇಳೆಯಲ್ಲಿ ಗೊಣಗುವುದು, ಇಲ್ಲವೇ ಕೆಲಸ ಬಿಡುವುದು. ಹೇಳಿದ್ದನ್ನು ಬರೆದುಕೊಂಡು ಬಾಯಿಪಾಠ ಮಾಡುವುದೇ ಓದು ಎಂದು ಹದಿನೈದು ವರ್ಷ ಕಲಿಸಿದ ಮೇಲೆ ಮೂರನೆಯದು ಹೊಳೆಯುವುದಾದರೂ ಹೇಗೆ?

ಹೂಬೋಲ್ಟ್ ಮೊದಲ ದಿನವೇ ಪತ್ರ ಬರೆದವರಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಸಮಿತಿಯಿಂದ ಸಮಿತಿಗೆ ಅಲೆದರು. ಕೆನಡಿ ಘೋಷಣೆಗೆ ಆರು ದಿನ ಮುಂಚೆ ಸೀಮನ್ಸ್ ಅವರಿಗೇ ಒಂದು ಸಣ್ಣ ಪತ್ರ ಬರೆದಿದ್ದರು. ಒಂದು ಸಮಿತಿ ಇದನ್ನು ಪಟ್ಟಿಯ ಕೆಳಗೆ ಹಾಕಿತು. ಇನ್ನೊಂದು, ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದಿತು. ಪ್ರತಿಸಲವೂ ಅವರು ಹಿಂದಿರುಗಿ ಲೆಕ್ಕಗಳನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡರು. 1961ರ ಅಕ್ಟೋಬರ್ ಕೊನೆಯ ವೇಳೆಗೆ ಅದು ಎರಡು ಸಂಪುಟಗಳ ವರದಿಯಾಗಿ ಬೆಳೆದಿತ್ತು. ಕೇವಲ ದೂರಿನ ಕಾಗದವಾಗಿದ್ದರೆ ನವೆಂಬರಿನ ಪತ್ರಕ್ಕೆ ಬೆಲೆ ಇರುತ್ತಿರಲಿಲ್ಲ. ಅದರ ಬೆನ್ನಿಗೆ ಈ ವರದಿ ಇತ್ತು. ನಾವು ಚಂದ್ರನಿಗೆ ಹೋಗಬೇಕೆಂದಿದ್ದೇವೆಯೋ ಇಲ್ಲವೋ ಎಂದು ಕೇಳುವ ಧೈರ್ಯ ಅವರಿಗೆ ಬಂದದ್ದು ಅಲ್ಲಿಂದ. ದೈತ್ಯ ನೋವಾವನ್ನು ಪ್ರಶ್ನಿಸದೆ ಒಪ್ಪುವವರು ಅದಕ್ಕಿಂತ ಸರಳವಾದ ಯೋಜನೆಯನ್ನು ಮಾತ್ರ ಯಾಕೆ ಕಟಕಟೆಯಲ್ಲಿ ನಿಲ್ಲಿಸುತ್ತಾರೆ ಎಂಬುದು ಪತ್ರದ ಅತ್ಯಂತ ಮೊನಚಾದ ಮಾತು. ಅದು ವ್ಯಕ್ತಿಗಳ ಮೇಲಲ್ಲ, ಅಳತೆಗೋಲಿನ ಮೇಲೆ. ಒಂದಕ್ಕೆ ಒಂದು ಗಜಕಡ್ಡಿ, ಇನ್ನೊಂದಕ್ಕೆ ಬೇರೆ ಗಜಕಡ್ಡಿ ಯಾಕೆ ಎಂಬ ಪ್ರಶ್ನೆ ಅದು.

ಪತ್ರ ಓದಿದವರ ಬಗೆಗೂ ಹೇಳಬೇಕು. ಸೀಮನ್ಸ್ ಸಿಟ್ಟಾಗಿ, ಪದ್ಧತಿ ಮೀರಿದ್ದಕ್ಕೆ ವಿವರಣೆ ಕೊಡು ಎಂದು ಕೇಳಬಹುದಿತ್ತು. ಹಾಗೆ ಮಾಡಲಿಲ್ಲ. ಡಿಸೆಂಬರ್ ಆರಂಭದಲ್ಲಿ ಉತ್ತರ ಬರೆದು, ನಿಯಮಗಳ ಕಾರಣದಿಂದ ಒಳ್ಳೆಯ ಕೆಲಸಗಾರರ ಯೋಚನೆ ಕಟ್ಟುಬಿದ್ದರೆ ಸಂಸ್ಥೆಗೇ ನಷ್ಟವೆಂದು ಒಪ್ಪಿದರು. ಪತ್ರವನ್ನು ಮಾನವಸಹಿತ ಯಾನಗಳ ಹೊಣೆ ಹೊತ್ತಿದ್ದ ಬ್ರೈನರ್ಡ್ ಹೋಮ್ಸ್ ಅವರಿಗೆ ದಾಟಿಸಿದರು. ಹೋಮ್ಸ್ ಅವರಿಗೆ ಪತ್ರದ ಧಾಟಿ ಹಿಡಿಸಲಿಲ್ಲ. ಅದು ಸಹಜವೇ. ದನಿ ತುಸು ಮೆತ್ತಗಿದ್ದಿದ್ದರೆ ಕೆಲಸ ಇನ್ನೂ ಬೇಗ ಆಗುತ್ತಿತ್ತೋ, ಅಥವಾ ಮೆತ್ತಗಿನ ಪತ್ರ ಕಡತದೊಳಗೆ ಮಲಗಿಬಿಡುತ್ತಿತ್ತೋ, ಹೇಳುವುದು ಕಷ್ಟ. ಏನೇ ಇರಲಿ, ವಿಷಯ ಮುಚ್ಚಿಹೋಗಲಿಲ್ಲ. ಹೊಸದಾಗಿ ಬಂದಿದ್ದ ಜೋಸೆಫ್ ಶಿಯಾ ಎಂಬ ಅಧಿಕಾರಿ ಮೂರು ದಾರಿಗಳನ್ನೂ ಮತ್ತೊಮ್ಮೆ ತೂಗಿ ನೋಡುವ ಕೆಲಸ ಕೈಗೆತ್ತಿಕೊಂಡರು. ಹ್ಯೂಸ್ಟನ್ನಿನ ಕೇಂದ್ರದವರೂ ತಾವೇ ಲೆಕ್ಕ ಹಾಕುತ್ತ ಹೋದಂತೆ ಮನಸ್ಸು ಬದಲಿಸಿದರು.

ಎಲ್ಲರನ್ನೂ ಬೆರಗುಗೊಳಿಸಿದವರು ಫಾನ್ ಬ್ರೌನ್. 1962ರ ಜೂನ್ 7ರಂದು ಹಂಟ್ಸ್‌ವಿಲ್ಲಿನಲ್ಲಿ ದಿನವಿಡೀ ನಡೆದ ಸಭೆಯಲ್ಲಿ ಅವರ ಬಳಗದವರು ಭೂಕಕ್ಷೆಯ ಜೋಡಣೆಯ ಪರವಾಗಿ ಗಂಟೆಗಟ್ಟಲೆ ಮಾತನಾಡಿದರು. ಕೊನೆಯಲ್ಲಿ ಎದ್ದ ಫಾನ್ ಬ್ರೌನ್ ತಮ್ಮ ಮೊದಲ ಆಯ್ಕೆ ಚಂದ್ರಕಕ್ಷೆಯ ಜೋಡಣೆಯೇ ಎಂದರು! ಕೆಲವೇ ವಾರಗಳಲ್ಲಿ ತೀರ್ಮಾನಿಸದಿದ್ದರೆ ದಶಕದ ಗಡುವು ಕೈತಪ್ಪುತ್ತದೆ ಎಂಬುದು ಅವರ ವಾದ. ಸ್ವಂತ ಕೇಂದ್ರಕ್ಕೆ ಬರಬಹುದಾಗಿದ್ದ ಕೆಲಸವನ್ನು ಬಿಟ್ಟುಕೊಟ್ಟು, ಸ್ವಂತ ಜನರೆದುರು ಹೀಗೆ ಹೇಳಿದ್ದು ಪತ್ರ ಬರೆದದ್ದಕ್ಕಿಂತ ಕಡಿಮೆ ಸಾಹಸವಲ್ಲ. ಜುಲೈ 11ರಂದು ನಾಸಾ ತನ್ನ ಆಯ್ಕೆಯನ್ನು ಪ್ರಕಟಿಸಿತು. ಅಧ್ಯಕ್ಷರ ವಿಜ್ಞಾನ ಸಲಹೆಗಾರ ಜೆರೋಮ್ ವೀಸ್ನರ್ ಅದನ್ನೂ ಒಪ್ಪದೆ, ಸೆಪ್ಟೆಂಬರಿನಲ್ಲಿ ಕೆನಡಿಯವರ ಎದುರಿಗೇ ಫಾನ್ ಬ್ರೌನ್ ಜೊತೆ ವಾದಕ್ಕಿಳಿದರು. ನವೆಂಬರ್ ಹೊತ್ತಿಗೆ ಆ ವಾದವೂ ಮುಗಿದು, ಇಳಿನೌಕೆ ಕಟ್ಟುವ ಗುತ್ತಿಗೆ ಗ್ರುಮನ್ ಕಂಪನಿಗೆ ಹೋಯಿತು. ನೋವಾ ರಾಕೆಟ್ ಕಾಗದದಲ್ಲಿಯೇ ಉಳಿಯಿತು.

ಅಭಿಪ್ರಾಯ ಭೇದದ ಎಲ್ಲ ಪತ್ರಗಳಿಗೂ ಈ ಭಾಗ್ಯವಿಲ್ಲ. 1985ರ ಜುಲೈ 31ರಂದು, ನಾಸಾದ ಶಟಲ್ ನೌಕೆಗೆ ರಾಕೆಟ್ ಒದಗಿಸುತ್ತಿದ್ದ ಮಾರ್ಟನ್ ಥಿಯೋಕೋಲ್ ಕಂಪನಿಯ ಎಂಜಿನಿಯರ್ ರೋಜರ್ ಬೋಜೊಲೆ ತಮ್ಮ ಮೇಲಿನವರಿಗೆ ಹೀಗೆಯೇ ಬರೆದಿದ್ದರು. ರಾಕೆಟ್ಟಿನ ಕೀಲುಗಳಲ್ಲಿರುವ ರಬ್ಬರ್ ಉಂಗುರಗಳನ್ನು ಮೊದಲು ಸರಿಪಡಿಸಬೇಕು, ಇಲ್ಲವಾದರೆ ಜೀವಹಾನಿಯಾದೀತು ಎಂದು. 1986ರ ಜನವರಿ 27ರ ರಾತ್ರಿ, ಇಷ್ಟು ಚಳಿಯಲ್ಲಿ ಹಾರಿಸಬೇಡಿ ಎಂದು ಕಂಪನಿಯ ಎಂಜಿನಿಯರುಗಳು ದೂರವಾಣಿಯಲ್ಲಿ ಗೋಗರೆದರು. ವ್ಯವಸ್ಥಾಪಕರು ಅವರನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ಮರುದಿನ ಚಾಲೆಂಜರ್ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಒಳಗಿದ್ದ ಏಳು ಮಂದಿಯಲ್ಲಿ ಒಬ್ಬಾಕೆ ಶಾಲಾ ಶಿಕ್ಷಕಿ. ಬೋಜೊಲೆ ಅವರ ಅಂಕಿಗಳು ಹೂಬೋಲ್ಟ್ ಅವರ ಅಂಕಿಗಳಿಗಿಂತ ಕೀಳೇನಲ್ಲ. ಆ ರಾತ್ರಿ ಕೇಳಬೇಕಾದ ಕಿವಿಗಳು ಇರಲಿಲ್ಲ.

ಚಂದ್ರಕಕ್ಷೆಯ ಜೋಡಣೆ ಯಾರ ಕಲ್ಪನೆ ಎಂಬ ಬಗ್ಗೆ ಆಮೇಲೆ ಜಗಳವೇ ನಡೆಯಿತು. ಲ್ಯಾಂಗ್ಲಿಯಲ್ಲಿಯೇ ವಿಲಿಯಂ ಮೈಕೆಲ್ ಎಂಬವರು 1960ರಲ್ಲಿ ಇದರ ಲೆಕ್ಕ ಮಾಡಿದ್ದರು. ವಾಟ್ ಕಂಪನಿಯ ಟಾಮ್ ಡೋಲನ್ ಬಳಗವೂ ಮಾಡಿತ್ತು. ಇವರೆಲ್ಲರಿಗಿಂತ ಮೊದಲು, ಮೊದಲ ಮಹಾಯುದ್ಧದ ಕಾಲದಲ್ಲಿಯೇ, ಯೂರಿ ಕೊಂಡ್ರಾಟ್ಯುಕ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಉಕ್ರೇನಿನ ತರುಣನೊಬ್ಬ ಇದನ್ನು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ. ಹೂಬೋಲ್ಟ್ ಇದನ್ನು ಮೊದಲು ಕಂಡವರಲ್ಲ ಎಂಬುದು ಸ್ಪಷ್ಟ. ಬಿಡದೆ ಹಿಡಿದವರು ಮಾತ್ರ ಅವರೇ. 1963ರಲ್ಲಿ ನಾಸಾ ಅವರಿಗೆ ಪದಕ ಕೊಟ್ಟಿತು. ಅದೇ ವರ್ಷ ಅವರು ನಾಸಾ ಬಿಟ್ಟು ಪ್ರಿನ್ಸ್‌ಟನ್ನಿನ ಖಾಸಗಿ ಸಂಶೋಧನಾ ಸಂಸ್ಥೆಯೊಂದಕ್ಕೆ ಹೋದರು. ಹದಿಮೂರು ವರ್ಷಗಳ ಮೇಲೆ ಲ್ಯಾಂಗ್ಲಿಗೇ ಮರಳಿ 1985ರಲ್ಲಿ ನಿವೃತ್ತರಾದರು. 2014ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು. 1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇಳಿದಾಗ ಹೂಬೋಲ್ಟ್ ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದ ವೀಕ್ಷಕರ ಕೋಣೆಯಲ್ಲಿದ್ದರು. ಅಲ್ಲಿಯೇ ಕುಳಿತಿದ್ದ ಫಾನ್ ಬ್ರೌನ್ ಹಿಂತಿರುಗಿ ಅವರಿಗೆ ಧನ್ಯವಾದ ಹೇಳಿದರು.

ಮರುವರ್ಷ ಏಪ್ರಿಲ್‌ನಲ್ಲಿ ಅಪೊಲೊ 13 ಚಂದ್ರನ ಹಾದಿಯಲ್ಲಿದ್ದಾಗ ಮುಖ್ಯ ನೌಕೆಯ ಆಮ್ಲಜನಕದ ಟ್ಯಾಂಕು ಸಿಡಿಯಿತು. ಮೂವರು ಯಾತ್ರಿಗಳು ಪಕ್ಕದ ಇಳಿನೌಕೆಗೆ ತೆವಳಿ, ಅದರ ಗಾಳಿ, ಅದರ ವಿದ್ಯುತ್ತು, ಅದರ ಎಂಜಿನ್ನಿನ ಬಲದಿಂದ ಭೂಮಿಯ ಬಳಿಗೆ ಮರಳಿದರು. ನೇರ ದಾರಿಯನ್ನೇ ಆರಿಸಿದ್ದರೆ ಅಲ್ಲಿ ಎರಡನೆಯ ನೌಕೆ ಇರುತ್ತಿರಲಿಲ್ಲ. ಎರಡು ನೌಕೆಗಳಿದ್ದರೆ ಅಪಾಯ ಹೆಚ್ಚು ಎಂದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಹೂಬೋಲ್ಟ್ ಅವರ ಎರಡು ಸಂಪುಟಗಳಲ್ಲಿಯೂ ಇರಲಾರದು.

ನಮ್ಮಲ್ಲಿಯೂ ಈ ದಾರಿಯ ತಯಾರಿ ನಡೆದಿದೆ. 2025ರ ಜನವರಿ 16ರಂದು ಇಸ್ರೋ ಸ್ಪೇಡೆಕ್ಸ್ ಎಂಬ ಪ್ರಯೋಗದಲ್ಲಿ ಎರಡು ಪುಟ್ಟ ಉಪಗ್ರಹಗಳನ್ನು ಭೂಕಕ್ಷೆಯಲ್ಲಿ ಜೋಡಿಸಿತು. ಅದರ ನಿಯಂತ್ರಣ ನಡೆದದ್ದು ಬೆಂಗಳೂರಿನಿಂದ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಚಂದ್ರಯಾನ-4ರ ಯೋಜನೆಯಲ್ಲಿ ಚಂದ್ರನ ಮಣ್ಣನ್ನು ಭೂಮಿಗೆ ತರುವ ಗುರಿಯಿದೆ. ಎರಡು ರಾಕೆಟ್ಟುಗಳಲ್ಲಿ ಹೋಗುವ ಭಾಗಗಳು ಮೊದಲು ಭೂಕಕ್ಷೆಯಲ್ಲಿ ಕೂಡಿಕೊಳ್ಳುತ್ತವೆ. ಮಣ್ಣು ಹೊತ್ತ ಭಾಗ ಚಂದ್ರನ ನೆಲದಿಂದ ಮೇಲೇರಿ, ಅಲ್ಲಿನ ಕಕ್ಷೆಯಲ್ಲಿ ಕಾಯುತ್ತಿರುವ ಭಾಗಕ್ಕೆ ಜೋಡಿಕೊಂಡು ಮಣ್ಣನ್ನು ದಾಟಿಸುತ್ತದೆ. ಶಾಖಕವಚವಿರುವ ಭಾಗ ಚಂದ್ರನ ನೆಲಕ್ಕೆ ಇಳಿಯುವುದೇ ಇಲ್ಲ.